ಕಲ್ಲಿನ ಪುಡಿ, ಕಡಲಿನ ಉಪ್ಪು: ಮಣ್ಣಿಗೆ ದಕ್ಕಿದ್ದೆಷ್ಟು?

ಜಲ್ಲಿ ಕ್ರಷರಿನ ಪಕ್ಕ ಗುಡ್ಡೆ ಬಿದ್ದು ಊರಿಗೆಲ್ಲ ಧೂಳೆಬ್ಬಿಸುತ್ತಿದ್ದ ಕಲ್ಲುಪುಡಿಗೆ ಈಗ ಎರಡು ಕಡೆಯಿಂದ ಗಿರಾಕಿ ಬಂದಿದ್ದಾರೆ. ತಾರಸಿ ತೋಟದವರಿಗೆಂದು ಅದನ್ನು ಕೆಜಿ ಪ್ಯಾಕೆಟ್ಟಿನಲ್ಲಿ ಕಟ್ಟಿ ಆನ್‌ಲೈನಿನಲ್ಲಿ ಮಾರುತ್ತಾರೆ. ತೊಂಬತ್ತು ಮೂಲಧಾತುಗಳಿವೆ ಎಂಬ ಭರವಸೆ ಹೊತ್ತ ಸಮುದ್ರ ಖನಿಜದ ಡಬ್ಬಿಯೂ ಅದರ ಪಕ್ಕದಲ್ಲೇ ಸಿಗುತ್ತದೆ. ಇನ್ನೊಂದು ಕಡೆ ಗಾಳಿಯ ಇಂಗಾಲವನ್ನು ಮಣ್ಣಿಗೆ ಕಟ್ಟಿಹಾಕುತ್ತೇವೆ ಎನ್ನುವ ಕಂಪನಿಗಳು ರೈತರ ಗದ್ದೆಗೇ ಲಾರಿ ತರುತ್ತಿವೆ. ಭಾರತದ ಸಣ್ಣ ರೈತರ ಹೊಲಗಳಲ್ಲಿ ಬಸಾಲ್ಟ್ ಪುಡಿ ಹರಡುವ ಮಾಟಿ ಕಾರ್ಬನ್ ಸಂಸ್ಥೆಗೆ 2025ರ ಏಪ್ರಿಲಿನಲ್ಲಿ ಎಕ್ಸ್‌ಪ್ರೈಜ್ ಸ್ಪರ್ಧೆಯ 5 ಕೋಟಿ ಡಾಲರ್ ಮೊದಲ ಬಹುಮಾನ ಸಿಕ್ಕಿತು. ಡಾರ್ಜಿಲಿಂಗಿನ ಚಹಾ ತೋಟಗಳಲ್ಲೂ ಇಂಥದೇ ಕೆಲಸ ಶುರುವಾಗಿದೆ. ನೂರು ವರ್ಷಕ್ಕೂ ಮೀರಿ ಕೃಷಿಯ ಅಂಚಿನಲ್ಲಿದ್ದ ಒಂದು ನಂಬಿಕೆ ಹೀಗೆ ಮಾರುಕಟ್ಟೆಯ ನಡುವಿಗೆ ಬಂದಿದೆ. ಈ ಹಾದಿಯಲ್ಲಿ ಏನು ನಿಂತಿತು, ಏನು ಬಿದ್ದುಹೋಯಿತು ಎಂದು ಹೊರಳಿ ನೋಡಲು ಇದು ಸರಿಯಾದ ಹೊತ್ತು.

ಕಥೆ ಶುರುವಾಗುವುದು ಜರ್ಮನಿಯಲ್ಲಿ. ಬೆಳೆ ಮಣ್ಣಿನಿಂದ ಖನಿಜ ಹೀರುತ್ತದೆ, ಹೀರಿದ್ದನ್ನು ಮರಳಿ ತುಂಬಬೇಕು ಎಂದು ಜಸ್ಟಸ್ ವಾನ್ ಲೀಬಿಗ್ 1840ರಲ್ಲಿ ಬರೆದ. ಎರಡೇ ವರ್ಷದಲ್ಲಿ ಇಂಗ್ಲೆಂಡಿನ ಜಾನ್ ಲಾಸ್ ರಂಜಕದ ಖನಿಜಕ್ಕೆ ಗಂಧಕಾಮ್ಲ ಬೆರೆಸಿ ಸೂಪರ್ ಫಾಸ್ಫೇಟ್ ಮಾಡುವ ವಿಧಾನಕ್ಕೆ ಹಕ್ಕುಪತ್ರ ಪಡೆದ. ಸಾರಜನಕ, ರಂಜಕ, ಪೊಟ್ಯಾಷ್ ಎಂಬ ಮೂರರ ವ್ಯಾಪಾರ ಬೆಳೆದದ್ದು ಆ ದಾರಿಯಲ್ಲಿ. ಇದಕ್ಕೆ ಎದುರಾಗಿ ನಿಂತವನು ಜೂಲಿಯಸ್ ಹೆನ್ಸೆಲ್. ಮೂರೇ ಧಾತು ಕೊಟ್ಟು ಉಳಿದವನ್ನು ಮರೆತರೆ ಬೆಳೆಯೂ ಅದನ್ನು ತಿನ್ನುವ ಮನುಷ್ಯನೂ ಸೊರಗುತ್ತಾರೆ, ಮಣ್ಣು ಹುಟ್ಟಿದ್ದೇ ಕಲ್ಲಿನಿಂದ, ಆದ್ದರಿಂದ ಕಲ್ಲನ್ನೇ ಬೀಸಿ ಹೊಲಕ್ಕೆ ಹಾಕಿ ಎಂಬುದು ಅವನ ವಾದ. 1890ರ ದಶಕದಲ್ಲಿ ಬಂದ ಅವನ ಪುಸ್ತಕದ ಹೆಸರೇ ‘ಕಲ್ಲಿನಿಂದ ರೊಟ್ಟಿ’. ಅವನ ರಸಾಯನಶಾಸ್ತ್ರದಲ್ಲಿ ತಪ್ಪುಗಳಿದ್ದವು. ಆದರೆ ಸಸ್ಯಕ್ಕೆ ಮೂರಕ್ಕಿಂತ ಹೆಚ್ಚು ಧಾತು ಬೇಕು ಎಂದದ್ದು ಸರಿ. ಸತು, ಬೋರಾನ್, ಮ್ಯಾಂಗನೀಸ್ ಇಲ್ಲದೆ ಗಿಡ ಬಾಳದೆಂದು ವಿಜ್ಞಾನ ಖಚಿತಪಡಿಸಿದ್ದು ಆಮೇಲೆ, ಇಪ್ಪತ್ತನೆಯ ಶತಮಾನದಲ್ಲಿ.

ಎರಡನೆಯ ಅಲೆ ಎದ್ದದ್ದು ಅಮೆರಿಕದಲ್ಲಿ. ಜಾನ್ ಹಮೇಕರ್ ಮತ್ತು ಡಾನ್ ವೀವರ್ 1982ರಲ್ಲಿ ಬರೆದ ಪುಸ್ತಕ ಕಲ್ಲುಪುಡಿಯನ್ನು ನಾಗರಿಕತೆಯ ಉಳಿವಿನ ಪ್ರಶ್ನೆಯನ್ನಾಗಿ ಮಾಡಿತು. ಹಿಮನದಿಗಳು ಅರೆದ ಕಲ್ಲು ಭೂಮಿಯ ಮಣ್ಣಿಗೆ ಹೊಸ ಜೀವ ತುಂಬಿತ್ತು, ಆ ಸತ್ವ ಈಗ ತೀರುತ್ತಿದೆ, ಕಾಡು ಸತ್ತು ಬೇಗನೆ ಇನ್ನೊಂದು ಹಿಮಯುಗ ಬರುತ್ತದೆ ಎಂದರು ಅವರು. ಹಿಮಯುಗ ಬರಲಿಲ್ಲ, ಭೂಮಿ ಕಾಯುತ್ತಾ ಹೋಯಿತು. ಇಷ್ಟು ದೊಡ್ಡ ಭವಿಷ್ಯವಾಣಿಯ ಜೊತೆ ಕಟ್ಟಿಹಾಕಿದ್ದರಿಂದ ಕಲ್ಲುಪುಡಿಗೆ ನಷ್ಟವೇ ಆಯಿತು ಎಂದು ನಮಗನ್ನಿಸುತ್ತದೆ. ಕೃಷಿ ವಿಜ್ಞಾನಿಗಳು ಅದನ್ನು ಗಂಭೀರವಾಗಿ ನೋಡಲು ಇನ್ನಷ್ಟು ತಡಮಾಡಿದರು.

ಹಮೇಕರ್‌ಗೆ ಮೊದಲೇ ಕಡಲಿನ ಕಡೆ ತಿರುಗಿದವನು ಮೇನಾರ್ಡ್ ಮರ್ರೆ ಎಂಬ ವೈದ್ಯ. ನೆಲದ ಜೀವಿಗಳನ್ನು ಕಾಡುವ ದೀರ್ಘರೋಗಗಳು ಕಡಲ ಜೀವಿಗಳಲ್ಲಿ ಕಾಣುವುದಿಲ್ಲ, ಕಾರಣ ಅವು ಎಲ್ಲ ಧಾತುಗಳೂ ಕರಗಿದ ನೀರಿನಲ್ಲಿವೆ ಎಂದು ಅವನು ನಂಬಿದ್ದ. 1930ರ ದಶಕದ ಕೊನೆಯಿಂದಲೇ ಕಡಲ ನೀರಿನ ಒಣ ಲವಣವನ್ನು ಹೊಲಕ್ಕೆ ಹಾಕಿ ನೋಡಿದ. ಅವನ ಪುಸ್ತಕ 1976ರಲ್ಲಿ ಬಂತು. ಇಂದು ಮಾರಾಟವಾಗುವ ಸಮುದ್ರ ಖನಿಜದ ಡಬ್ಬಿಗಳ ಮೇಲಿನ ಮಾತುಗಳೆಲ್ಲ ಹೆಚ್ಚುಕಡಿಮೆ ಅವನವೇ.

ಹೊಸ ಮಣ್ಣು ಕೊಟ್ಟರೆ ತೋಟ ಚಿಗುರುತ್ತದೆ ಎಂಬ ತಿಳಿವಿಗೆ ನಮ್ಮ ಕಡೆ ಯಾರೂ ಪುಸ್ತಕ ಬರೆಯಲಿಲ್ಲ. ಮಲೆನಾಡಿನ ಅಡಿಕೆ ಬೆಳೆಗಾರರು ಧರೆ ಕಡಿದು ಕೆಲವು ವರ್ಷಕ್ಕೊಮ್ಮೆ ತೋಟಕ್ಕೆ ಹೊಸಮಣ್ಣು ಹೊರುತ್ತಿದ್ದರು, ಅದರ ಮೇಲೆ ಸೊಪ್ಪಿನಬೆಟ್ಟದ ಸೊಪ್ಪು, ದರಗು, ಕೊಟ್ಟಿಗೆ ಗೊಬ್ಬರ. ಬಯಲುಸೀಮೆಯಲ್ಲಿ ಬೇಸಿಗೆ ಬಂದರೆ ಕೆರೆಗೋಡು ಗಾಡಿ ಏರುತ್ತಿತ್ತು. ಕೆರೆಯ ಅಂಗಳದ ಹೂಳೆಂದರೆ ಜಲಾನಯನದ ಕಲ್ಲು ಸವೆದು, ಸೋಸಿ, ನಯವಾಗಿ ಕೂತ ಮಣ್ಣು. ನೀರು ಹಿಡಿಯುವ ಜೇಡಿಯೂ ಒಂದಿಷ್ಟು ಪೊಟ್ಯಾಷೂ ಅದರಲ್ಲಿವೆ. ಕಲ್ಲನ್ನು ನುಣ್ಣಗೆ ಬೀಸುವ ಕೆಲಸವನ್ನು ಮಳೆ, ಬಿಸಿಲು, ಹರಿವ ನೀರು ಮಾಡಿಕೊಡುತ್ತಿದ್ದವು, ಕೆರೆಯಿಂದ ಹೊಲಕ್ಕೆ ಸಾಗಿಸುವುದಷ್ಟೇ ಮನುಷ್ಯನ ಪಾಲಿನ ದುಡಿಮೆ. ಕೂಲಿ ದುಬಾರಿಯಾಗಿ, ಕೆರೆಗಳು ಬಡಾವಣೆಗಳಾಗಿ, ಗೋಡು ಹೊಡೆಯುವುದು ನಿಂತ ಊರುಗಳಲ್ಲೇ ಈಗ ಪ್ಯಾಕೆಟ್ ಪುಡಿಗೆ ದಾರಿಯಾಗಿದೆ.

ಪ್ರಯೋಗಗಳು ಹೇಳಿದ್ದೇನು? ಮಾರಿಷಸ್ ದ್ವೀಪದ ಹಳೆಯ, ಮಳೆಗೆ ತೊಳೆದುಹೋದ ಕೆಂಪು ಮಣ್ಣಿನ ಕಬ್ಬಿನ ಗದ್ದೆಗಳಿಗೆ ಬಸಾಲ್ಟ್ ಪುಡಿ ಹಾಕಿದ ಪ್ರಯೋಗದ ವರದಿ 1961ರಲ್ಲಿ ಪ್ರಕಟವಾಯಿತು. ಇಳುವರಿ ಏರಿತ್ತು, ಆ ಏರಿಕೆ ಹಲವು ಕಟಾವಿನ ತನಕ ಉಳಿಯಿತು. ಆದರೆ ಹಾಕಿದ್ದು ಹೆಕ್ಟೇರಿಗೆ ನೂರು ಟನ್ನಿಗೂ ಮೀರಿದ ಪ್ರಮಾಣ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿ ಅಂಥದೇ ಸವೆದ ಮಣ್ಣಿಗೆ ಬಸಾಲ್ಟ್ ಬೆರೆಸಿದಾಗ ಮಣ್ಣು ಪೋಷಕಾಂಶಗಳನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಹೆಚ್ಚಿತೆಂದು 1980ರಲ್ಲಿ ತಿಳಿಯಿತು. ಸ್ಕಾಟ್ಲೆಂಡಿನ ಕಥೆ ಬೇರೆ. ಪರ್ತ್‌ಶೈರಿನ ಬೆಟ್ಟದಲ್ಲಿ ಒಂದು ದಂಪತಿ ಕಲ್ಲುಪುಡಿ ಮತ್ತು ಕಾಂಪೋಸ್ಟಿನಿಂದ ಬೆಳೆದ ದಪ್ಪ ದಪ್ಪ ಕೋಸು, ಈರುಳ್ಳಿಗಳ ಚಿತ್ರ ಪತ್ರಿಕೆಗಳಲ್ಲೆಲ್ಲ ಬಂತು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ 2009ರಲ್ಲಿ ಮುಗಿದ ಸಂಶೋಧನೆ ಕಲ್ಲುಪುಡಿಯ ಪಾಲನ್ನೂ ಕಾಂಪೋಸ್ಟಿನ ಪಾಲನ್ನೂ ಬಿಡಿಸಿ ನೋಡಿತು, ಕಲ್ಲುಪುಡಿಯಿಂದ ಹೇಳಿಕೊಳ್ಳುವ ಪರಿಣಾಮ ಕಾಣಲಿಲ್ಲ. ಅಮೆರಿಕದ ಇಲಿನಾಯ್ಸ್‌ನಲ್ಲಿ ವಿಜ್ಞಾನಿ ಡೇವಿಡ್ ಬೀರ್ಲಿಂಗ್ ಮತ್ತು ಸಂಗಡಿಗರು ಮೆಕ್ಕೆಜೋಳ, ಸೋಯಾ ಹೊಲಗಳಿಗೆ ನಾಲ್ಕು ವರ್ಷ ಸತತವಾಗಿ ಹೆಕ್ಟೇರಿಗೆ 50 ಟನ್ನಿನಂತೆ ಬಸಾಲ್ಟ್ ಹರಡಿದರು. ಇಳುವರಿ ಶೇ 12ರಿಂದ 16ರಷ್ಟು ಹೆಚ್ಚಿತು ಎಂದು 2024ರಲ್ಲಿ ಬರೆದರು.

ಈ ಫಲಿತಾಂಶಗಳು ಒಂದರೊಡನೊಂದು ಜಗಳವಾಡುವಂತೆ ಕಂಡರೂ ಮಣ್ಣನ್ನು ನೋಡಿದರೆ ಒಗಟು ಬಿಡುತ್ತದೆ. ಹುಳಿಯಾದ, ಸುಣ್ಣದಂಶ ಮೆಗ್ನೀಸಿಯಂ ತೊಳೆದುಹೋದ ನೆಲದಲ್ಲಿ ಬಸಾಲ್ಟ್ ನಿಧಾನವಾಗಿ ಕರಗುತ್ತಾ ರಸಸಾರ ಏರಿಸುತ್ತದೆ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಿಲಿಕಾನ್ ಬಿಡುತ್ತದೆ. ಖನಿಜ ಸಾಕಷ್ಟಿರುವ ಎಳೆಯ ಮಣ್ಣಿನಲ್ಲಿ, ಅದರಲ್ಲೂ ಚಳಿ ದೇಶದಲ್ಲಿ, ಅದಕ್ಕೆ ಮಾಡಲು ಕೆಲಸವೇ ಇಲ್ಲ. ಹಾಗಾದರೆ ಕರಾವಳಿ, ಮಲೆನಾಡಿನ ಮುರಕಲ್ಲಿನ ಮೇಲಿನ ಹುಳಿ ಮಣ್ಣು, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ವರ್ಷಪೂರ್ತಿ ಬಿಸಿ ಇರುವ ನೆಲ ಕಲ್ಲುಪುಡಿ ಕೆಲಸ ಮಾಡಲು ತಕ್ಕ ಜಾಗ. ಭತ್ತವಂತೂ ಸಾರಜನಕಕ್ಕಿಂತ ಹೆಚ್ಚು ಸಿಲಿಕಾನ್ ಹೀರುವ ಬೆಳೆ. ಈ ಬಗ್ಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಬಹಳ ಕಾಲದಿಂದ ಕೆಲಸ ನಡೆದಿದೆ, ಕೃಷಿಯಲ್ಲಿ ಸಿಲಿಕಾನ್ ಕುರಿತ ಅಂತರರಾಷ್ಟ್ರೀಯ ಸಮ್ಮೇಳನವೇ 2017ರಲ್ಲಿ ಬೆಂಗಳೂರಿನಲ್ಲಿ ಕೂಡಿತ್ತು.

ಎಲ್ಲ ಕಲ್ಲೂ ಒಂದೇ ಅಲ್ಲ ಎಂಬುದನ್ನು ಮಾರುವವರು ಹೇಳುವುದಿಲ್ಲ. ಯಾವ ಖನಿಜ ಬೇಗ ಸವೆಯುತ್ತದೆ, ಯಾವುದು ತಡೆದು ನಿಲ್ಲುತ್ತದೆ ಎಂಬ ಕ್ರಮವನ್ನು ಭೂವಿಜ್ಞಾನಿ ಸ್ಯಾಮುಯೆಲ್ ಗೋಲ್ಡಿಚ್ 1938ರಲ್ಲೇ ಗುರುತಿಸಿದ್ದ. ಆಲಿವೀನ್, ಪೈರಾಕ್ಸೀನ್ ಬೇಗ ಕರಗುತ್ತವೆ. ಪೊಟ್ಯಾಷ್ ಫೆಲ್ಡ್‌ಸ್ಪಾರ್ ತೀರಾ ನಿಧಾನ. ಬೆಣಚುಕಲ್ಲು ಕರಗುವುದೇ ಇಲ್ಲವೆಂದರೂ ನಡೆದೀತು. ಬಸಾಲ್ಟಿನಲ್ಲಿ ಮೊದಲ ಗುಂಪಿನ ಖನಿಜಗಳು ಹೆಚ್ಚು. ನಮ್ಮ ದಕ್ಷಿಣದ ಜಿಲ್ಲೆಗಳ ಕ್ರಷರುಗಳಿಗೆ ಬೀಳುವುದು ಬಹುಪಾಲು ಗ್ರಾನೈಟ್, ನೈಸ್ ಜಾತಿಯ ಕಲ್ಲು. ಅದರಲ್ಲಿ ಬೆಣಚು, ಫೆಲ್ಡ್‌ಸ್ಪಾರುಗಳದ್ದೇ ಪಾರುಪತ್ಯ. ಗ್ರಾನೈಟಿನಲ್ಲಿ ಪೊಟ್ಯಾಷ್ ಶೇ 4-5ರಷ್ಟಿದೆ ಎಂದು ಪ್ಯಾಕೆಟ್ ಹೇಳಿದರೆ ಅದು ಸುಳ್ಳಲ್ಲ, ಆದರೆ ನಿಮ್ಮ ಬದನೆ ಗಿಡದ ಆಯುಷ್ಯದಲ್ಲಿ ಅದು ಬಿಡುಗಡೆಯಾಗುವುದಿಲ್ಲ. ಬಸಾಲ್ಟಿನಲ್ಲೋ ಪೊಟ್ಯಾಷೇ ಕಮ್ಮಿ, ದಖನ್ನಿನ ಕಲ್ಲಿನಲ್ಲಿ ಸಾಮಾನ್ಯವಾಗಿ ಶೇ 1ನ್ನೂ ಮುಟ್ಟದು. ಸಾರಜನಕ ಎರಡರಲ್ಲೂ ಇಲ್ಲ. ಕಲ್ಲುಪುಡಿ ಹಾಕಿದ್ದೇನೆಂದು ಗೊಬ್ಬರ ನಿಲ್ಲಿಸಿದವರ ತೋಟ ಹಳದಿಗಟ್ಟಿದರೆ ಆಶ್ಚರ್ಯಪಡಬೇಕಾಗಿಲ್ಲ.

ಬೇಕಾದ ಕಲ್ಲು ಇರುವ ಜಾಗಕ್ಕೂ ಬೇಕಾದ ಮಣ್ಣು ಇರುವ ಜಾಗಕ್ಕೂ ನಮ್ಮ ರಾಜ್ಯದಲ್ಲಿ ಹೊಂದಿಕೆಯಿಲ್ಲ. ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಗಟ್ಟಿಯಾದ ಬಸಾಲ್ಟ್ ಇರುವುದು ಬೀದರ್, ಕಲಬುರಗಿ, ವಿಜಯಪುರ, ಬಾಗಲಕೋಟೆ, ಬೆಳಗಾವಿಗಳಲ್ಲಿ. ಅಲ್ಲಿನ ಎರೆಭೂಮಿ ಹುಟ್ಟಿದ್ದೇ ಆ ಕಲ್ಲಿನಿಂದ. ಅದರಲ್ಲಿ ಸುಣ್ಣದ ಹರಳು ತಾನಾಗಿಯೇ ಇರುತ್ತದೆ, ರಸಸಾರ ಮೊದಲೇ ಎಂಟರ ಆಸುಪಾಸು. ಆ ಮಣ್ಣಿಗೆ ಮತ್ತೆ ಬಸಾಲ್ಟ್ ಹಾಕಿ ರೈತನಿಗೆ ಏನು ಸಿಗಬೇಕು? ಪುಡಿ ಬೇಕಾದ ತೀರ್ಥಹಳ್ಳಿ, ಸುಳ್ಯ, ಸಿದ್ದಾಪುರಗಳು ಅಲ್ಲಿಂದ ನೂರಾರು ಕಿಲೋಮೀಟರ್ ದೂರ. ಲಾರಿ ಬಾಡಿಗೆಯೇ ಪುಡಿಯ ಬೆಲೆಯನ್ನು ನುಂಗುತ್ತದೆ, ಡೀಸೆಲ್ ಹೊಗೆ ಇಂಗಾಲದ ಲೆಕ್ಕದಲ್ಲೂ ಒಂದು ಪಾಲನ್ನು ನುಂಗುತ್ತದೆ. ಚಾಮರಾಜನಗರ, ಕನಕಪುರದ ಕಡೆ ಕಪ್ಪು ಗ್ರಾನೈಟ್ ಎಂದು ಕರೆಯುವ ಡೊಲೆರೈಟ್ ಕಲ್ಲಿದೆ, ಬಸಾಲ್ಟಿನ ಒಡಹುಟ್ಟು. ಅದರ ಕತ್ತರಿಸುವ ಘಟಕಗಳ ತ್ಯಾಜ್ಯವನ್ನು ಪರೀಕ್ಷಿಸಿ ನೋಡುವುದು ಹೆಚ್ಚು ಜಾಣತನ.

ನಯ ಎಷ್ಟು ಎಂಬುದೂ ಮುಖ್ಯ. ಕ್ರಷರಿನಿಂದ ತಂದ ಡಸ್ಟನ್ನು ಎರಡು ಹಿಡಿ ಗಾಜಿನ ಭರಣಿಗೆ ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಬಹುಪಾಲು ಎಣಿಸುವುದರೊಳಗೆ ತಳ ಸೇರುತ್ತದೆ. ಅದು ಮರಳು, ತೋಟಕ್ಕೆ ತೂಕವಷ್ಟೇ. ಅರ್ಧ ಗಂಟೆಯ ಮೇಲೂ ನೀರನ್ನು ಬೂದಿಬಣ್ಣವಾಗಿಸಿ ತೇಲುತ್ತಿರುವುದೇ ಕೆಲಸಕ್ಕೆ ಬರುವ ಭಾಗ. ಬೆರಳಿಗೆ ಅದು ಗೋಧಿಹಿಟ್ಟಿನ ಹಾಗೆ ಹತ್ತುತ್ತದೆ. ಎಂ ಸ್ಯಾಂಡ್ ಘಟಕಗಳು ಮರಳನ್ನು ತೊಳೆದು ಇದೇ ನಯವಾದ ಪುಡಿಯನ್ನು ಕೆಸರಾಗಿ ಹೊಂಡಕ್ಕೆ ಬಿಡುತ್ತವೆ. ಒಣಗಿದರೆ ಹೆಂಟೆಯಾಗುವ ಆ ಕೆಸರನ್ನು ಎಲ್ಲಿ ಸುರಿಯಬೇಕೆಂಬುದೇ ಘಟಕದವರಿಗೆ ತಲೆನೋವು. ಯಾವ ಕಲ್ಲಿನದೆಂದು ತಿಳಿದಿದ್ದರೆ, ಪರೀಕ್ಷೆ ಆಗಿದ್ದರೆ, ಪ್ಯಾಕೆಟ್ ಪುಡಿಗೆ ಕೊಡುವ ಹಣದಲ್ಲಿ ಅದರ ಒಂದು ಟ್ರ್ಯಾಕ್ಟರ್ ತರಬಹುದು.

ಪ್ರಮಾಣದ ಲೆಕ್ಕವನ್ನೂ ಇಲ್ಲೇ ಮುಗಿಸೋಣ. ಇಲಿನಾಯ್ಸಿನ 50 ಟನ್ ಎಂದರೆ ಎಕರೆಗೆ 20 ಟನ್, ಚದರ ಮೀಟರಿಗೆ 5 ಕೆಜಿ. ಒಂದಡಿ ಅಗಲದ ಕುಂಡಕ್ಕೆ ಇಳಿಸಿದರೆ ವರ್ಷಕ್ಕೆ ಸುಮಾರು 350 ಗ್ರಾಂ. ಚಮಚದಲ್ಲಿ ಹಾಕಿ ಎನ್ನುವ ಸೂಚನೆಗೆ ಈ ಪ್ರಯೋಗಗಳ ಬೆಂಬಲ ಇಲ್ಲ.

ಇನ್ನು ಕಡಲು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣ. ಅದರಲ್ಲಿ ಮೂವತ್ತು ಗ್ರಾಂ ಸೋಡಿಯಂ ಮತ್ತು ಕ್ಲೋರೈಡ್, ಅಂದರೆ ಅಡುಗೆ ಉಪ್ಪೇ. ಮೆಗ್ನೀಸಿಯಂ 1.3 ಗ್ರಾಂ, ಪೊಟ್ಯಾಷಿಯಂ, ಕ್ಯಾಲ್ಸಿಯಂ ತಲಾ 0.4 ಗ್ರಾಂ. ಬೋರಾನ್ ನಾಲ್ಕೂವರೆ ಮಿಲಿಗ್ರಾಂ. ಕಬ್ಬಿಣ, ಸತುಗಳು ಮಿಲಿಗ್ರಾಂನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ, ಹಲವೆಡೆ ಅದಕ್ಕಿಂತಲೂ ಕಡಿಮೆ. ತೊಂಬತ್ತು ಧಾತುಗಳಿವೆ ಎಂಬುದು ಪಟ್ಟಿಯ ಮಟ್ಟಿಗೆ ನಿಜ, ಗಿಡದ ಹಸಿವಿನ ಮಟ್ಟಿಗೆ ಅಲ್ಲ. ಒಂದು ಹೆಕ್ಟೇರಿಗೆ ಒಂದು ಕೆಜಿ ಬೋರಾನ್ ಒದಗಿಸಬೇಕೆಂದರೆ 2.2 ಲಕ್ಷ ಲೀಟರ್ ಕಡಲ ನೀರು ಬೇಕು, ಅದರ ಜೊತೆ ಎಂಟು ಟನ್ನಿನಷ್ಟು ಉಪ್ಪು ಹೊಲಕ್ಕೆ ಬರುತ್ತದೆ. ಅಷ್ಟೇ ಬೋರಾನಿಗೆ ಒಂಬತ್ತು ಕೆಜಿ ಬೋರಾಕ್ಸ್ ಸಾಕು. ಸತುವನ್ನು ಈ ದಾರಿಯಲ್ಲಿ ತರುವ ಮಾತೇ ಇಲ್ಲ.

ಡಬ್ಬಿಯವರು ಹೇಳುವ ಪ್ರಮಾಣ ಇಷ್ಟು ದೊಡ್ಡದಲ್ಲ, ಒಂದು ಚಮಚ. ಐದು ಗ್ರಾಂ ಪೂರ್ಣ ಕಡಲ ಲವಣದಲ್ಲಿ ಬೋರಾನ್ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. ಒಂದು ಚಮಚದಿಂದ ಗಿಡ ಸಾಯದು, ಬದುಕಿಗೆ ಹೆಚ್ಚಿನದೂ ಸಿಗದು. ಉಪ್ಪಿನಾಗರದ ಹರಳುಪ್ಪನ್ನೇ ಹಾಕಿದರಾಯಿತು ಎನ್ನುವವರೂ ಇದ್ದಾರೆ. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಉಪ್ಪು ಬೆಳೆಯುವುದನ್ನು ನಿಂತು ನೋಡಿದವರಿಗೆ ಇದರ ಉತ್ತರ ಗೊತ್ತು. ಅಗರದ ಪಾತಿಗಳಲ್ಲಿ ನೀರು ಆರುತ್ತಾ ಬಂದಂತೆ ಹರಳುಗಟ್ಟಿ ತಳಕ್ಕೆ ಕೂರುವುದು ಬಹುಪಾಲು ಸೋಡಿಯಂ ಕ್ಲೋರೈಡ್. ಅದನ್ನು ಗೋರಿ ದಂಡೆಗೆ ಎಳೆದ ಮೇಲೆ ಪಾತಿಯಲ್ಲಿ ಉಳಿಯುವ ಜಿಡ್ಡುಜಿಡ್ಡಾದ ಕಹಿನೀರಿನಲ್ಲೇ ಮೆಗ್ನೀಸಿಯಂ, ಪೊಟ್ಯಾಷಿಯಂಗಳ ಬಹುಪಾಲು ಇರುತ್ತದೆ. ಗಿಡಕ್ಕೆ ಬೇಕಾದದ್ದು ಪಾತಿಯಲ್ಲಿ ಉಳಿದು, ಗಿಡಕ್ಕೆ ಬೇಡದ್ದು ಚೀಲ ಸೇರುತ್ತದೆ. ಭಾವನಗರದ ಕೇಂದ್ರೀಯ ಉಪ್ಪು ಮತ್ತು ಕಡಲ ರಾಸಾಯನಿಕ ಸಂಶೋಧನಾ ಸಂಸ್ಥೆ ಆ ಕಹಿನೀರಿನಿಂದಲೇ ಪೊಟ್ಯಾಷ್ ತೆಗೆಯುವ ವಿಧಾನ ರೂಪಿಸಿದೆ. ದೇಶಕ್ಕೆ ಬೇಕಾದ ಪೊಟ್ಯಾಷನ್ನು ಹೊರಗಿನಿಂದ ತರಿಸುವ ನಮಗೆ ಇದು ಸಣ್ಣ ಮಾತಲ್ಲ. ಹಾಗೆ ತರಿಸುವ ಪೊಟ್ಯಾಷ್ ಕೂಡ ಬತ್ತಿಹೋದ ಪ್ರಾಚೀನ ಕಡಲುಗಳ ಲವಣವೇ, ಸೋಡಿಯಂ ಬೇರ್ಪಡಿಸಿದ್ದು.

ಕರಾವಳಿಯಲ್ಲಿ ತೆಂಗಿನ ಗುಂಡಿಗೆ ಉಪ್ಪು ಹಾಕುವ ಪದ್ಧತಿ ಇದೆಯಲ್ಲ ಎಂದು ಓದುಗರು ಕೇಳಬಹುದು. ಇದೆ, ಅದಕ್ಕೆ ವಿಜ್ಞಾನದ ಒಪ್ಪಿಗೆಯೂ ಇದೆ. ಮುರಕಲ್ಲಿನ ನೆಲದಲ್ಲಿ ನಾಲ್ಕಡಿ ಆಳ, ನಾಲ್ಕಡಿ ಅಗಲ ತೋಡಿದ ಗುಂಡಿಯ ತಳಕ್ಕೆ ಎರಡು ಕೆಜಿ ಉಪ್ಪು ಹರಡಿ ಮಳೆಗೆ ಬಿಟ್ಟರೆ ಗಟ್ಟಿ ಪದರ ಮೆತ್ತಗಾಗುತ್ತದೆ, ಬೇರಿಗೆ ದಾರಿಯಾಗುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕೆ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸೇ ಇದು. ತೆಂಗು ಕ್ಲೋರಿನನ್ನು ಬೇಡುವ ಮರ ಕೂಡ. ಫಿಲಿಪ್ಪೀನ್ಸಿನಲ್ಲಿ ಉಪ್ಪೇ ತೆಂಗಿನ ಗೊಬ್ಬರಗಳಲ್ಲೊಂದು. ಆದರೆ ಇದು ತೆಂಗಿನ ಮಾತು, ಉಪ್ಪನ್ನು ತೊಳೆದುಕೊಂಡು ಹೋಗುವ ಕರಾವಳಿ ಮಳೆಯ ಮಾತು. ಅದನ್ನು ಹುರುಳಿಕಾಯಿ ಬಳ್ಳಿಗೆ, ತಾರಸಿಯ ಕುಂಡಕ್ಕೆ ಎತ್ತಿ ತಂದರೆ ಬೇರು ಸುಡುತ್ತದೆ.

ಕಡಲ ನೀರನ್ನೇ ಬಿಟ್ಟುಕೊಂಡು ಬೇಸಾಯ ಮಾಡುವ ಜಾಗವೂ ನಮ್ಮಲ್ಲಿದೆ. ಅಘನಾಶಿನಿಯ ಅಳಿವೆಯ ಗಜನಿ ಗದ್ದೆಗಳಲ್ಲಿ ಬೇಸಿಗೆಯೆಲ್ಲ ಉಬ್ಬರದ ಉಪ್ಪುನೀರು ಆಡುತ್ತದೆ, ಸಿಗಡಿ ಮೀನು ಬೆಳೆಯುತ್ತವೆ. ಮಳೆ ಹಿಡಿದು, ಹೊಳೆಯ ಸಿಹಿನೀರು ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತ. ಆ ಗದ್ದೆಗಳಿಗೆ ಗೊಬ್ಬರ ಹಾಕುವ ರೂಢಿಯಿಲ್ಲ, ನದಿ ತರುವ ಗೋಡು, ಕಡಲು ತರುವ ಜೀವರಾಶಿಯ ಅಳಿದುಳಿದದ್ದೇ ಸತ್ವ. ಸಮುದ್ರ ಖನಿಜದ ಬೇಸಾಯ ಎನ್ನುವುದಕ್ಕೆ ನಮಗೆ ತಿಳಿದ ಅತ್ಯುತ್ತಮ ಉದಾಹರಣೆ ಇದು. ಅದು ನಿಂತಿರುವುದು ಉಪ್ಪು ತಡೆಯುವ ಒಂದೇ ತಳಿಯ ಮೇಲೆ, ಒಡ್ಡು ಕಟ್ಟಿ ಬಾಗಿಲು ಕಾಯುವ ಊರವರ ಒಗ್ಗಟ್ಟಿನ ಮೇಲೆ, ಪ್ರತಿ ವರ್ಷ ಉಪ್ಪನ್ನು ಹೊರಹಾಕುವ ಮುಂಗಾರಿನ ಮೇಲೆ. ಈ ಮೂರರಲ್ಲಿ ಒಂದೂ ಇಲ್ಲದ ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನಲ್ಲಿ ಸವುಳು ಹತ್ತಿ ಹಾಳಾದ ಜಮೀನು ಎಷ್ಟಿಲ್ಲ? ಗಂಗಾವತಿಯ ಸಂಶೋಧನಾ ಕೇಂದ್ರದವರು ವರ್ಷಗಳಿಂದ ಹೆಣಗುತ್ತಿರುವುದು ಮಣ್ಣಿನಿಂದ ಉಪ್ಪು ಹೊರಹಾಕಲು. ಉಪ್ಪಿಗೆ ಹೊಲ ಕಳೆದುಕೊಂಡ ರೈತರಿರುವ ನಾಡಿನಲ್ಲಿ ಉಪ್ಪನ್ನು ಪೋಷಕಾಂಶವೆಂದು ಮಾರುವುದನ್ನು ನಾವು ಒಪ್ಪಲಾರೆವು.

ಕಡಲಿನ ಸತ್ವ ನೆಲಕ್ಕೆ ಚೆನ್ನಾಗಿ ಬರುವುದು ಒಂದು ಜೀವದ ಮೂಲಕ. ಮೀನು, ಚಿಪ್ಪು, ಪಾಚಿಗಳು ಬೇಡದ ಸೋಡಿಯಮ್ಮನ್ನು ಹೊರಗಿಟ್ಟು ಬೇಕಾದದ್ದನ್ನು ಮೈಗೂಡಿಸಿಕೊಳ್ಳುತ್ತವೆ. ಬೂತಾಯಿ (ತಾರ್ಲೆ) ಮೀನು ಹೆಚ್ಚು ಸಿಕ್ಕ ವರ್ಷ ಅದನ್ನು ಒಣಗಿಸಿ ತೆಂಗಿನ ಬುಡಕ್ಕೆ ಹಾಕುತ್ತಿದ್ದ ಕರಾವಳಿಯವರಿಗೆ ಸಾರಜನಕ, ರಂಜಕ ಎರಡೂ ದಕ್ಕುತ್ತಿದ್ದವು. ಚಿಪ್ಪುಸುಣ್ಣ ಹುಳಿ ಮಣ್ಣನ್ನು ತಿದ್ದುತ್ತಿತ್ತು. ಇಂದಿನ ಕಡಲಪಾಚಿ ಸಾರವೂ ಈ ಸಾಲಿನದೇ. ಭಾವನಗರದ ಸಂಸ್ಥೆಯೇ ಕಪ್ಪಾಫೈಕಸ್ ಪಾಚಿಯಿಂದ ರಸ ತೆಗೆಯುವ ತಂತ್ರ ಕಂಡುಹಿಡಿಯಿತು, ಇಫ್ಕೋದ ಸಾಗರಿಕಾ ಈಗ ಹಳ್ಳಿಯ ಸೊಸೈಟಿಗಳಲ್ಲೂ ಸಿಗುತ್ತದೆ. ಅದರ ಗುಣ ಬಹುಮಟ್ಟಿಗೆ ಬೆಳವಣಿಗೆ ಪ್ರಚೋದಿಸುವ ಸಾವಯವ ಅಂಶಗಳದು, ಖನಿಜದ್ದಲ್ಲ. 2021ರಲ್ಲಿ ಕೇಂದ್ರ ಸರಕಾರ ಇಂಥ ಜೈವಿಕ ಪ್ರಚೋದಕಗಳನ್ನು ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದದ್ದು ಒಳ್ಳೆಯ ಹೆಜ್ಜೆ.

ಹಿಂತಿರುಗಿ ನೋಡಿದಾಗ ಕರ್ನಾಟಕದ ಮಣ್ಣಿಗೆ ಖನಿಜ ಮರಳಿಸುವ ಕೆಲಸದಲ್ಲಿ ದೊಡ್ಡದೆಂದು ನಿಲ್ಲುವುದು ಪ್ಯಾಕೆಟ್ ಪುಡಿಯೂ ಅಲ್ಲ, ಡಬ್ಬಿಯೂ ಅಲ್ಲ, ಭೂಚೇತನ. 2009ರಲ್ಲಿ ರಾಜ್ಯ ಸರಕಾರ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಶುರುಮಾಡಿದ ಈ ಯೋಜನೆಯಲ್ಲಿ ತೊಂಬತ್ತು ಸಾವಿರಕ್ಕೂ ಹೆಚ್ಚು ಮಣ್ಣಿನ ಮಾದರಿಗಳ ಪರೀಕ್ಷೆ ನಡೆಯಿತು. ಗಂಧಕ, ಸತು, ಬೋರಾನ್ ಪ್ರತಿಯೊಂದರ ಕೊರತೆಯೂ ಸುಮಾರು ಅರ್ಧ ಅಥವಾ ಅದಕ್ಕಿಂತ ಹೆಚ್ಚು ಹೊಲಗಳಲ್ಲಿ ಕಂಡಿತು. ಎಕರೆಗೆ ಕೆಲವೇ ಕೆಜಿ ಜಿಂಕ್ ಸಲ್ಫೇಟ್, ಅದಕ್ಕೂ ಕಡಿಮೆ ಬೋರಾಕ್ಸ್, ಜೊತೆಗೆ ಜಿಪ್ಸಂ ಕೊಟ್ಟಾಗ ರಾಗಿ, ಶೇಂಗಾ, ಮೆಕ್ಕೆಜೋಳದ ಇಳುವರಿ ಶೇ 20ಕ್ಕೂ ಮೀರಿ ಏರಿತು. ಹೆನ್ಸೆಲ್ ಹೇಳಿದ ಮಾತು ನಮ್ಮ ಮಳೆಯಾಶ್ರಿತ ಹೊಲದಲ್ಲಿ ನಿಜವಾದದ್ದು ಹೀಗೆ, ಏನು ಕೊರತೆಯೆಂದು ಮೊದಲು ಕೇಳಿಕೊಂಡು. ಹುಳಿ ಮಣ್ಣಿನ ತೋಟದವರ ಕೈಯಲ್ಲೂ ಬೇಗ ಕರಗುವ ಕಲ್ಲುಗಳು ಆಗಲೇ ಇವೆ: ಕೃಷಿ ಸುಣ್ಣ, ಡೋಲೊಮೈಟ್, ಕಾಫಿ ತೋಟದವರು ಬಹುಕಾಲದಿಂದ ಹಾಕುತ್ತ ಬಂದ ರಾಕ್ ಫಾಸ್ಫೇಟ್. ಅಪರೂಪದ ಪುಡಿಗೆ ಹಣ ಸುರಿಯುವವರಲ್ಲಿ ಎಷ್ಟೋ ಜನರ ತೋಟಕ್ಕೆ ಸುಣ್ಣ ಬಿದ್ದೇ ವರ್ಷಗಳಾಗಿರುತ್ತವೆ. ಅಡಿಕೆಯ ಹಳದಿ ಎಲೆ ರೋಗದಿಂದ ತೋಟವನ್ನೇ ಕಳೆದುಕೊಂಡ ಶೃಂಗೇರಿ, ಕೊಪ್ಪ, ಸಂಪಾಜೆ ಸೀಮೆಯವರ ಸಂಕಟ ನಮಗೆ ಗೊತ್ತು. ಆ ರೋಗ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯದು. ಅದಕ್ಕೆ ಯಾವ ಖನಿಜದ ಪುಡಿಯೂ ಮದ್ದಲ್ಲ ಎಂದು ಗಟ್ಟಿಯಾಗಿ ಹೇಳಬೇಕಾಗಿದೆ.

ತಾರಸಿ ತೋಟದವರಿಗೆ ಎರಡು ಮಾತು. ತೆಂಗಿನ ನಾರಿನ ಪುಡಿಯಲ್ಲಿ ಖನಿಜ ಕಮ್ಮಿ, ಕೆಲವೊಮ್ಮೆ ಅದರಲ್ಲೇ ಉಪ್ಪಿರುತ್ತದೆ. ಕುಂಡದ ಮಿಶ್ರಣಕ್ಕೆ ಮೂರನೇ ಒಂದು ಪಾಲು ನಿಜವಾದ ಕೆಂಪುಮಣ್ಣು ಸೇರಿದರೆ ಕಲ್ಲುಪುಡಿ ಮಾಡಬೇಕಾದ ಕೆಲಸದಲ್ಲಿ ಬಹುಪಾಲು ಮುಗಿಯುತ್ತದೆ. ಪುಡಿ ಹಾಕಲೇಬೇಕೆಂದಿದ್ದರೆ ಕಾಂಪೋಸ್ಟ್ ಗುಂಡಿಗೇ ಹಾಕಿ, ಅಲ್ಲಿನ ಹುಳಿ, ಸೂಕ್ಷ್ಮಜೀವಿಗಳು ಕರಗಿಸಲು ನೆರವಾಗುತ್ತವೆ. ಬೋರ್‌ವೆಲ್ಲಿನ ಗಡಸು ನೀರು ಹಾಕುವವರ ಕುಂಡಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ ದಿನವೂ ಸೇರುತ್ತಲೇ ಇರುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದ್ದರೆ ಸಮುದ್ರ ಖನಿಜದ ಯೋಚನೆಯನ್ನೇ ಬಿಡಿ.

ಉಸಿರಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಕಣ್ಣಿಗೆ ಕಾಣದಷ್ಟು ನಯವಾದ ಬೆಣಚಿನ ಧೂಳು ಶ್ವಾಸಕೋಶದಲ್ಲಿ ಕೂತರೆ ಮತ್ತೆ ಹೊರಬರದು. ಕೋಲಾರದ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲಿ ನಡೆದ ಸಮೀಕ್ಷೆಯಲ್ಲಿ ಪರೀಕ್ಷಿಸಿದ ಕಾರ್ಮಿಕರ ಪೈಕಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಲ್ಲಿ ಸಿಲಿಕೋಸಿಸ್ ಕಂಡಿತ್ತು. ಗ್ರಾನೈಟ್ ಪುಡಿ ಅದೇ ಜಾತಿಯ ಧೂಳು. ಒದ್ದೆ ಮಾಡದೆ ಎರಚಬಾರದು, ಗಾಳಿಯ ದಿನ ಮುಟ್ಟಬಾರದು, ಮೂಗಿಗೆ ಕರವಸ್ತ್ರ ಕಟ್ಟಿದರೆ ಸಾಲದು, ಧೂಳು ತಡೆಯುವ ಮಾಸ್ಕೇ ಬೇಕು. ಟನ್ನುಗಟ್ಟಲೆ ಹರಡಿಸುವ ಕಂಪನಿಗಳು ಹೊಲದಲ್ಲಿ ಪುಡಿ ಎರಚುವ ಕೂಲಿಯವರಿಗೆ ಅದನ್ನು ಕೊಡುತ್ತವೆಯೇ ಎಂದು ನೋಡುವ ಹೊಣೆ ಕಾರ್ಮಿಕ ಇಲಾಖೆಯದು.

ಬ್ರೆಜಿಲ್ ನಮಗಿಂತ ಮುಂದಿದೆ. ನಮ್ಮ ಮಲೆನಾಡಿನಂತೆಯೇ ಸವೆದ ಹುಳಿ ಮಣ್ಣಿನ ಆ ದೇಶ 2013ರಲ್ಲಿ ಕಾನೂನು ತಿದ್ದಿ ಕಲ್ಲುಪುಡಿಯನ್ನು ಮಣ್ಣಿನ ಒಳಸುರಿಯಾಗಿ ಗುರುತಿಸಿತು, 2016ರಲ್ಲಿ ಅಳತೆಗೋಲು ಹಾಕಿತು. ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್ ಆಕ್ಸೈಡುಗಳ ಮೊತ್ತ ಶೇ 9ಕ್ಕೆ ಕಡಿಮೆಯಿರಬಾರದು, ಬೆಣಚು ಶೇ 25 ಮೀರಬಾರದು, ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸಕ್ಕೆ ಮಿತಿ. ನಮಗೂ ಇಂಥ ಅಳತೆಗೋಲು ಬೇಕು. ನುಗ್ಗೇಹಳ್ಳಿ ಪಟ್ಟಿಯಂಥ ಕ್ರೋಮೈಟ್ ಇರುವ ಕಡೆಯ ಕಲ್ಲಿನಲ್ಲಿ ಕ್ರೋಮಿಯಂ, ನಿಕ್ಕಲ್ ಹೆಚ್ಚಿರುತ್ತದೆ, ಬೇಗ ಕರಗುತ್ತದೆಂದು ಅದನ್ನು ಗದ್ದೆಗೆ ತಂದರೆ ಅನ್ನದ ತಟ್ಟೆಗೆ ಬಂದಂತೆ. ಇಂಗಾಲದ ಹೆಸರಿನಲ್ಲಿ ಪುಕ್ಕಟೆ ಬರುವ ಪುಡಿಯನ್ನು ರೈತರು ಬೇಡ ಎನ್ನಬೇಕಾಗಿಲ್ಲ. ಆದರೆ ಕರಾರು ಕನ್ನಡದಲ್ಲಿರಲಿ, ಪುಡಿಯ ಪರೀಕ್ಷಾ ವರದಿ ರೈತನ ಕೈಗೆ ಮೊದಲು ಬರಲಿ, ಇಂಗಾಲ ಮಾರಿದ ಹಣದಲ್ಲಿ ಅವನ ಪಾಲೆಷ್ಟೆಂದು ಅದರಲ್ಲಿ ಬರೆದಿರಲಿ.

ವಿಶ್ವವಿದ್ಯಾಲಯಗಳಿಂದ ನಾವು ಕೇಳುವುದು ಬ್ರಹ್ಮಾವರ, ಮೂಡಿಗೆರೆ, ಶಿರಸಿಗಳ ಮಣ್ಣಿನಲ್ಲಿ ಐದು ವರ್ಷವಾದರೂ ನಡೆಯುವ ಪ್ರಯೋಗ. ಒಂದು ವರ್ಷದ ಫಲಿತಾಂಶ ಕಲ್ಲಿನ ವಿಷಯದಲ್ಲಿ ಏನನ್ನೂ ಹೇಳದು. ಆ ಪ್ರಯೋಗದಲ್ಲಿ ಬಸಾಲ್ಟ್, ಡೊಲೆರೈಟ್, ಸ್ಥಳೀಯ ಕ್ರಷರ್ ಪುಡಿಗಳ ಪಕ್ಕದಲ್ಲಿ ಬರೀ ಕಾಂಪೋಸ್ಟಿನ ಒಂದು ಪಟ್ಟೆ, ಬರೀ ಸುಣ್ಣದ ಒಂದು ಪಟ್ಟೆ ಕಡ್ಡಾಯವಾಗಿ ಇರಬೇಕು. ಕಲ್ಲುಪುಡಿ ಕೊಟ್ಟ ಫಲವೆಲ್ಲ ರಸಸಾರ ಏರಿದ್ದರಿಂದ ಬಂದದ್ದಾದರೆ ಎಕರೆಗೆ ಇಪ್ಪತ್ತು ಟನ್ ಕಲ್ಲು ಹೊರುವ ಬದಲು ಒಂದು ಟನ್ನಿಗೂ ಕಡಿಮೆ ಸುಣ್ಣದಲ್ಲಿ ಕೆಲಸ ಮುಗಿಯುತ್ತದೆ. ಸುಣ್ಣ ಕೊಡದ ಸಿಲಿಕಾನನ್ನೋ ಪೋಷಕಾಂಶ ಹಿಡಿದಿಡುವ ಶಕ್ತಿಯನ್ನೋ ಕಲ್ಲುಪುಡಿ ಕೊಟ್ಟಿದ್ದರೆ ಹುಳಿ ಮಣ್ಣಿನ ಬೆಳೆಗಾರರು ಲಾರಿ ಬಾಡಿಗೆ ಕೊಡಲು ಕಾರಣ ಸಿಕ್ಕಂತಾಗುತ್ತದೆ.